ಸ್ಟಿಕ್ಕರ್ ಮೇಲೆ 70 ಕೆ.ಜಿ., ಕೈಯಲ್ಲಿ 35: ಮನೆಗೆ ಯಾವ ಕೇಬಲ್ ಮೆಷಿನ್?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆ ಇದೆ. ನನಗೆ 41 ವರ್ಷ, ಎತ್ತರ 5 ಅಡಿ 8 ಅಂಗುಲ, ತೂಕ 78 ಕೆ.ಜಿ. ನಾಲ್ಕು ವರ್ಷ ಜಿಮ್‌ಗೆ ಹೋಗುತ್ತಿದ್ದೆ. ಈಗ ಡ್ಯೂಟಿ ಹೊತ್ತು ಬದಲಾಗಿ ಆಗುತ್ತಿಲ್ಲ. ಮನೆಯಲ್ಲೇ ಮಾಡೋಣ ಎಂದುಕೊಂಡಿದ್ದೇನೆ. ಮೇಲೆ 10×11 ಅಡಿಯ ಕೋಣೆ ಖಾಲಿ ಇದೆ. ಮೊದಲು ತಾರಸಿಯಾಗಿದ್ದ ಜಾಗ, 2011ರಲ್ಲಿ ಕೋಣೆ ಕಟ್ಟಿಸಿದೆವು, ಎತ್ತರ ಒಂಬತ್ತೂವರೆ ಅಡಿ. ಕೆಳಗೆ ತಂದೆಯವರ ಮಲಗುವ ಕೋಣೆ. ಬೆಂಚು ಮತ್ತು 30 ಕೆ.ಜಿ.ವರೆಗಿನ ಡಂಬೆಲ್ ಜೋಡಿಗಳಿವೆ. ಜಿಮ್‌ನಲ್ಲಿ ಲ್ಯಾಟ್ ಪುಲ್‌ಡೌನ್ (ಕೂತು ತಲೆಯ ಮೇಲಿನ ಬಾರನ್ನು ಎದೆಯತ್ತ ಎಳೆಯುವುದು) 55 ಕೆ.ಜಿ. ಎಳೆಯುತ್ತಿದ್ದೆ. ಬೆಂಚ್ ಪ್ರೆಸ್ ಮಾಡಿದರೆ ಬಲಭುಜ ನೋಯುತ್ತದೆ. ಹೆಂಡತಿ ಮತ್ತು 68 ವರ್ಷದ ತಂದೆಯವರೂ ಬಳಸಬೇಕು. ಆರು ವರ್ಷದ ಮಗಳಿದ್ದಾಳೆ. ನನ್ನ ಮುಂದೆ ಮೂರು ದಾರಿ ಇವೆ: ಆನ್‌ಲೈನ್‌ನಲ್ಲಿ ಎರಡು ಕಂಬದ ಫಂಕ್ಷನಲ್ ಟ್ರೈನರ್ (ಪುಲ್ಲಿಯನ್ನು ಮೇಲೆ ಕೆಳಗೆ ಸರಿಸಬಹುದಾದ ಕೇಬಲ್ ಮೆಷಿನ್), ಕಂಬಕ್ಕೆ 70 ಕೆ.ಜಿ., ₹1,35,000, ಹೆಬ್ಬಾಳು ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್‌ನವರು ಮಾಡಿಕೊಡುವ ಲ್ಯಾಟ್ ಪುಲ್‌ಡೌನ್ ಮತ್ತು ರೋಯಿಂಗ್ ಮೆಷಿನ್, 80 ಕೆ.ಜಿ., ₹52,000, ಇಲ್ಲವೇ ₹4,000ದ ಪುಲ್ಲಿ ಸೆಟ್ ತಂದು ಮೋಲ್ಡ್‌ನ ಕೊಕ್ಕೆಗೆ ನೇತುಹಾಕುವುದು. ಪಕ್ಕದ ಮನೆಯವರು ಗರಡಿಯಲ್ಲಿ ಸಾಮು ಮಾಡಿದವರು, “ದಾರ ಎಳೆದರೆ ಮೈ ಬರಲ್ಲ, ಮೋಲ್ಡ್ ಬಿರುಕು ಬಿಡುತ್ತೆ, ಕೇಬಲ್ ಕಿತ್ತರೆ ತಲೆಗೇ ಬೀಳುತ್ತೆ” ಅನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಚಿಂತೆ ನಾಲ್ಕು. ತೂಕ ಸಾಲುತ್ತದೆಯೇ, ಮೋಲ್ಡ್ ತಡೆಯುತ್ತದೆಯೇ, ಕೇಬಲ್ ಕಿತ್ತರೆ ಏನು ಗತಿ, ಇಷ್ಟು ದುಡ್ಡು ಸುರಿದ ಮೇಲೂ ಮೈ ಬರುತ್ತದೆಯೇ. ಕೊನೆಯದಕ್ಕೆ ಉತ್ತರ ಚಿಕ್ಕದು, ಅದನ್ನು ಮೊದಲು ಮುಗಿಸೋಣ.

ಸ್ನಾಯುವಿಗೆ ತಾನು ಎಳೆಯುತ್ತಿರುವುದು ಕಬ್ಬಿಣವೋ ಗದೆಯೋ ಕೇಬಲ್ಲೋ ಗೊತ್ತಾಗುವುದಿಲ್ಲ. ಅದಕ್ಕೆ ತಿಳಿಯುವುದು ಬಿಗಿತ, ಮತ್ತು ಸೆಟ್ ಮುಗಿಯುವ ಹೊತ್ತಿಗೆ ಎಷ್ಟು ದಣಿದೆ ಎಂಬುದು. ಫ್ರೀ ವೇಟ್ (ಡಂಬೆಲ್, ಬಾರ್ಬೆಲ್) ಮತ್ತು ಮೆಷಿನ್ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸ್ನಾಯು ಬೆಳೆಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಬಲದ ವಿಷಯ ಬೇರೆ: ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದರಲ್ಲಿ ಹೆಚ್ಚು ಬಲ ಬರುತ್ತದೆ. ಕೇಬಲ್ ಎಳೆದವರು ಬಾರ್ಬೆಲ್ ಎತ್ತುವ ಸ್ಪರ್ಧೆಗೆ ಹೋದರೆ ಹಿಂದೆ ಬೀಳುತ್ತಾರೆ. ದಸರಾ ಕುಸ್ತಿಯ ಅಖಾಡಕ್ಕಿಳಿಯುವ ಯೋಚನೆ ನಿಮಗಿಲ್ಲವಾದರೆ ಪಕ್ಕದ ಮನೆಯವರ ಮೊದಲ ಮಾತನ್ನು ಬಿಟ್ಟುಬಿಡಿ. ಅವರ ಎರಡನೇ ಮಾತಿನಲ್ಲಿ ಹುರುಳಿದೆ, ಅಲ್ಲಿಗೆ ಬರುತ್ತೇನೆ.

ಮೊದಲು ತೂಕ. ಮನೆಗೆ ಮೆಷಿನ್ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ನಿಮಗೆ ಬಂದ ಎರಡು ಕೊಟೇಶನ್‌ಗಳಲ್ಲಿ 70 ಮತ್ತು 80 ಅಂತ ಇದೆ. ಎರಡಕ್ಕೂ ಹತ್ತೇ ಕೆ.ಜಿ. ವ್ಯತ್ಯಾಸ ಅಂದುಕೊಂಡಿದ್ದೀರಿ. ಹಾಗಲ್ಲ.

ಬಾವಿಯ ರಾಟೆಯಲ್ಲಿ ಹತ್ತು ಕೆ.ಜಿ. ಬಿಂದಿಗೆ ಸೇದಲು ಹತ್ತು ಕೆ.ಜಿ.ಯ ಬಲವೇ ಬೇಕು. ರಾಟೆ ಎಳೆಯುವ ದಿಕ್ಕು ಬದಲಿಸುತ್ತದೆ, ಭಾರ ಇಳಿಸುವುದಿಲ್ಲ. ಇದನ್ನು 1:1 ಎನ್ನುತ್ತಾರೆ. ಸಾಮಾನ್ಯವಾಗಿ ಲ್ಯಾಟ್ ಪುಲ್‌ಡೌನ್ ಮೆಷಿನ್ ಕೆಲಸ ಮಾಡುವುದು ಹೀಗೆ. ಫಂಕ್ಷನಲ್ ಟ್ರೈನರ್‌ನಲ್ಲಿ ಒಂದು ಪುಲ್ಲಿ ತೂಕದ ತಲೆಯ ಮೇಲೇ ಕೂತು ತೂಕದ ಜೊತೆಗೇ ಏರಿಳಿಯುತ್ತದೆ. ಭಾರವನ್ನು ಕೇಬಲ್‌ನ ಎರಡು ಎಳೆ ಹಂಚಿಕೊಳ್ಳುವುದರಿಂದ ನಿಮ್ಮ ಕೈಗೆ ಅರ್ಧ ಬರುತ್ತದೆ. ಅದಕ್ಕೆ ಬದಲಾಗಿ ತೂಕ ಒಂದು ಅಡಿ ಏರಲು ನೀವು ಎರಡು ಅಡಿ ಕೇಬಲ್ ಎಳೆಯಬೇಕು. ಇದು 2:1. ಅಂದರೆ ಸ್ಟಿಕ್ಕರ್ ಮೇಲಿನ 70 ಕೆ.ಜಿ. ನಿಮ್ಮ ಒಂದು ಕೈಯಲ್ಲಿ 35.

ಇದು ಮೋಸವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಏಳಡಿಯ ಚೌಕಟ್ಟಿನೊಳಗೆ, ಪ್ಲೇಟುಗಳ ರಾಶಿ ಕೂತ ಮೇಲೆ, ತೂಕ ಮೇಲೇರಲು ಉಳಿಯುವ ಜಾಗ ಸುಮಾರು ಒಂದು ಮೀಟರ್‌ಗಿಂತ ಸ್ವಲ್ಪ ಹೆಚ್ಚು. 1:1 ಇದ್ದರೆ ಹಿಡಿಯೂ ಅಷ್ಟೇ ದೂರ ಬರುತ್ತದೆ. ಪುಲ್‌ಡೌನ್‌ಗೆ ಅದು ಸಾಕು. ನಿಂತು ಪ್ರೆಸ್ ಮಾಡುವಾಗ, ಕೆಳಗಿನಿಂದ ಓರೆಯಾಗಿ ತಲೆಯ ಮೇಲಕ್ಕೆ ಎಳೆಯುವಾಗ, ಮೆಷಿನ್ನಿಂದ ಎರಡು ಹೆಜ್ಜೆ ದೂರ ನಿಂತು ಮಾಡುವಾಗ ಸಾಲುವುದಿಲ್ಲ. ತೂಕ ಮೇಲಿನ ಕಂಬಿಗೆ ಟಕ್ಕೆಂದು ಬಡಿದು ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ. 2:1ರಲ್ಲಿ ತೂಕ ನಿಮ್ಮ ಕೈಯ ಅರ್ಧ ವೇಗದಲ್ಲಿ ಚಲಿಸುತ್ತದೆ. ಹಾಗಾಗಿ ಬೇಗ ಎಳೆದಾಗ ತೂಕ ಹಾರಿ, ಕೇಬಲ್ ಸಡಿಲಾಗಿ, ಮತ್ತೆ ಜಗ್ಗುವ ಹೊಡೆತ ಕಡಿಮೆ. ನೋಯುವ ಭುಜ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ನಿಮ್ಮ ಲೆಕ್ಕ. ಎರಡೂ ಕಂಬದ ಕೇಬಲ್‌ಗಳನ್ನು ಒಂದೇ ಉದ್ದನೆಯ ಬಾರ್‌ಗೆ ಸಿಕ್ಕಿಸಿದರೆ 35 ಮತ್ತು 35 ಸೇರಿ 70. ನೀವು ಎಳೆಯುತ್ತಿದ್ದುದು 55, ಇನ್ನೂ 15 ಕೆ.ಜಿ. ಏರಲು ಜಾಗ ಇದೆ. ಆದರೆ ಬಾರ್ ಸುಮಾರು 120 ಸೆಂ.ಮೀ. ಉದ್ದ ಇರಬೇಕು. ಗಿಡ್ಡ ಬಾರ್ ಹಾಕಿದರೆ ದೂರದೂರ ಇರುವ ಎರಡು ಕಂಬಗಳಿಂದ ಕೇಬಲ್ ಓರೆಯಾಗಿ ಬಂದು ಬಲ ಪಕ್ಕಕ್ಕೆ ಹಂಚಿಹೋಗುತ್ತದೆ. ಒಂದೇ ಕೈಯಲ್ಲಿ ರೋ (ಹಿಡಿಯನ್ನು ಹೊಟ್ಟೆಯ ಕಡೆಗೆ ಎಳೆಯುವುದು) ಮಾಡುವಾಗ 35 ನಿಮಗೆ ಬೇಗ ಕಡಿಮೆಯಾಗಬಹುದು. ಎದೆ, ಭುಜ, ತೋಳಿನ ಕೆಲಸಕ್ಕೆ ಒಂದೊಂದು ಕೈಗೆ 35 ಧಾರಾಳ. ಅದೇ ಮಾಡೆಲ್ ಕಂಬಕ್ಕೆ 90 ಕೆ.ಜಿ. ಇರುವ ರೂಪದಲ್ಲಿ ಸಿಕ್ಕರೆ, ಮತ್ತು ವ್ಯತ್ಯಾಸ ನಿಮ್ಮ ಕೈಗೆಟುಕಿದರೆ, ಅದನ್ನೇ ಕೇಳಿ. ಮೆಷಿನ್ ಬಂದ ಮೇಲೆ ಪ್ಲೇಟು ಸೇರಿಸುವುದು ಅನೇಕ ಮಾಡೆಲ್‌ಗಳಲ್ಲಿ ಆಗುವುದಿಲ್ಲ. ತೂಕ ಆರಿಸಲು ಪಿನ್ ತೂರುವ ನಡುವಿನ ಕಂಬಿಯ ಉದ್ದ ಮೊದಲೇ ನಿಗದಿಯಾಗಿರುತ್ತದೆ.

ಕೇಳದೆ ಯಾರೂ ಹೇಳದ ಇನ್ನೊಂದು ತೊಡಕಿದೆ. ಫಂಕ್ಷನಲ್ ಟ್ರೈನರ್‌ಗೆ ತೊಡೆ ಒತ್ತಿ ಹಿಡಿಯುವ ಪ್ಯಾಡ್ ಇರುವುದಿಲ್ಲ. 78 ಕೆ.ಜಿ. ತೂಗುವ ನೀವು 70 ಕೆ.ಜಿ. ಎಳೆದರೆ ಬಾರ್ ಕೆಳಗೆ ಬರುವ ಬದಲು ನೀವೇ ಬೆಂಚಿನಿಂದ ಏಳುತ್ತೀರಿ. 55 ದಾಟುತ್ತಿದ್ದಂತೆ ಇದು ಕಾಡಲು ಶುರುವಾಗುತ್ತದೆ. ಪರಿಹಾರ ಎರಡು: ಮೊಣಕಾಲು ಸಿಕ್ಕಿಸುವ ರೋಲರ್ ಇರುವ ಬೆಂಚು, ಅಥವಾ ಒಂದು ಮೊಣಕಾಲೂರಿ ಒಂದೊಂದೇ ಕೈಯಲ್ಲಿ ಎಳೆಯುವುದು. ಪುಲ್ಲಿಯ ಎತ್ತರವನ್ನೂ ನೋಡಿಕೊಳ್ಳಿ. ನಿಮ್ಮ ಎತ್ತರದವರು 45 ಸೆಂ.ಮೀ. ಬೆಂಚಿನ ಮೇಲೆ ಕೂತು ಕೈ ಎತ್ತಿದರೆ ಹಿಡಿತ ಸುಮಾರು 175 ಸೆಂ.ಮೀ. ಮುಟ್ಟುತ್ತದೆ. ಹುಕ್ಕು, ಕೊಂಡಿ, ಬಾರ್ ಸೇರಿ ಪುಲ್ಲಿಯಿಂದ 20-25 ಸೆಂ.ಮೀ. ಇಳಿಬೀಳುತ್ತವೆ. ಆದ್ದರಿಂದ ಪುಲ್ಲಿ ನಿಲ್ಲುವ ಅತಿ ಮೇಲಿನ ಸ್ಥಾನ 200 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೈ ಪೂರ್ತಿ ಚಾಚುವ ಮೊದಲೇ ತೂಕ ಕೂತುಬಿಡುತ್ತದೆ. ಜಾಹೀರಾತಿನಲ್ಲಿರುವುದು ಚೌಕಟ್ಟಿನ ಎತ್ತರ. ನಿಮಗೆ ಬೇಕಾದುದು ಪುಲ್ಲಿಯ ಎತ್ತರ. ಫೋನ್ ಮಾಡಿ ಕೇಳಿ, ಟೇಪ್ ಹಿಡಿದ ಫೋಟೊ ಕಳಿಸಲು ಹೇಳಿ. ಕೆಳಗಿನ ಸ್ಥಾನವೂ ಮುಖ್ಯ: ನೆಲದಿಂದ 20 ಸೆಂ.ಮೀ.ಗಿಂತ ಮೇಲೆ ನಿಲ್ಲುವ ಪುಲ್ಲಿಯಲ್ಲಿ ಕಾಲಿನ ಮತ್ತು ಬೈಸೆಪ್ಸ್‌ನ ಕೆಲಸ ಸರಿಯಾಗಿ ಕೂಡಿಬರುವುದಿಲ್ಲ.

ಇನ್ನು ಮೋಲ್ಡ್. ಕಟ್ಟಡಗಳ ಮೇಲಿನ ಭಾರಕ್ಕೆ ನಮ್ಮಲ್ಲಿ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗ ಆಧಾರ. ವಾಸದ ಕೋಣೆಗೆ ಚದರ ಮೀಟರ್‌ಗೆ ಸುಮಾರು 200 ಕೆ.ಜಿ., ಜನ ಓಡಾಡುವ ತಾರಸಿಗೆ 150, ವ್ಯಾಯಾಮಶಾಲೆಗೆ 500. ನಿಮ್ಮ ಕೋಣೆ 10.2 ಚದರ ಮೀಟರ್. ವಾಸದ ಕೋಣೆಯೆಂದು ಹಾಕಿದ ಮೋಲ್ಡ್ ಆಗಿದ್ದರೆ ಲೆಕ್ಕದ ಪ್ರಕಾರ ಒಟ್ಟು ಎರಡು ಟನ್; ತಾರಸಿಯೆಂದು ಹಾಕಿದ್ದರೆ ಒಂದೂವರೆ ಟನ್. ಮೆಷಿನ್‌ನ ತೂಕಗಳು 140, ಚೌಕಟ್ಟು 130ರ ಆಸುಪಾಸು, ನೀವು 78, ಬೆಂಚು, ಡಂಬೆಲ್ ಎಲ್ಲ ಸೇರಿದರೂ ಅದಕ್ಕಿಂತ ಎಷ್ಟೋ ಕಡಿಮೆ. ಒಟ್ಟು ಭಾರದಲ್ಲಿ ಭಯವಿಲ್ಲ. ಆದರೆ ಮೆಷಿನ್ ನಿಲ್ಲುವುದು ಒಂದೂವರೆ ಚದರ ಮೀಟರ್‌ನಲ್ಲಿ. ಅಲ್ಲಿ ಮಾತ್ರ ಭಾರ ಗುಡ್ಡೆಯಾಗುತ್ತದೆ. ಆದ್ದರಿಂದ ಕೋಣೆಯ ನಡುವೆ ಇಡಬೇಡಿ. ಕೆಳಗೆ ಗೋಡೆಯೋ ಬೀಮೋ ಇರುವ ಬದಿಗೆ ಇಡಿ.

ನನಗೆ ಅನುಮಾನ ಇರುವುದು ಬೇರೆ ಕಡೆ. ತಾರಸಿಯ ಮೇಲೆ ಆಮೇಲೆ ಕಟ್ಟಿದ ಕೋಣೆಗಳಲ್ಲಿ ಎಷ್ಟೋ ಸಲ ಕೆಳಗೆ ಗೋಡೆಯೇ ಇಲ್ಲದ ಕಡೆ ಮೇಲೆ ಇಟ್ಟಿಗೆ ಗೋಡೆ ಎಬ್ಬಿಸಿರುತ್ತಾರೆ. ಆ ಗೋಡೆಯ ಭಾರ ಆಗಲೇ ಮೋಲ್ಡ್‌ನ ಮೇಲಿದೆ. ತಂದೆಯವರ ಕೋಣೆಗೆ ಹೋಗಿ ತಲೆಯೆತ್ತಿ ನೋಡಿ. ಸೂರಿನಲ್ಲಿ ಉದ್ದಕ್ಕೆ ಓಡುವ ಬಿರುಕು, ಒದ್ದೆ ಕಲೆ, ಕಂದುಬಣ್ಣದ ತುಕ್ಕಿನ ಗೆರೆ, ಗಾರೆ ಉಬ್ಬಿ ಬಿದ್ದ ಜಾಗ ಇದ್ದರೆ ಒಳಗೆ ಕಂಬಿ ತುಕ್ಕು ಹಿಡಿಯುತ್ತಿರಬಹುದು. ಅಂಥ ಮೋಲ್ಡ್‌ನ ಮೇಲೆ ಮೆಷಿನ್ ಬೇಡ, ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಲಿ. ಮೇಲಿನ ಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೆ ಇಲ್ಲದಿದ್ದರೂ ಅಷ್ಟೇ. ಚಾಮರಾಜಪುರಂ, ಅಗ್ರಹಾರದ ಕಡೆ ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯ ಮನೆಗಳಿವೆ. ಈ ಉತ್ತರ ಓದುತ್ತಿರುವ ಅಂಥ ಮನೆಯವರು ಮಹಡಿಯ ಆಸೆ ಬಿಟ್ಟು ನೆಲಮಹಡಿಯಲ್ಲೇ ಇಟ್ಟುಕೊಳ್ಳಲಿ.

ತಾರಸಿಯಾಗಿದ್ದ ಜಾಗಕ್ಕೆ ಇನ್ನೊಂದು ಗುಣವಿರುತ್ತದೆ: ಮಳೆನೀರು ಹರಿಯಲು ಕೊಟ್ಟ ಇಳಿಜಾರು. ಟೈಲ್ಸ್ ಹಾಕುವಾಗ ಸರಿಪಡಿಸದಿದ್ದರೆ ಅದು ಹಾಗೇ ಉಳಿದಿದೆ. ನೆಲ ಓರೆಯಾದರೆ ಕಂಬ ಓರೆ, ಕಂಬ ಓರೆಯಾದರೆ ಪ್ಲೇಟುಗಳು ಗೈಡ್ ರಾಡ್‌ನ (ಅವು ಏರಿಳಿಯುವ ನೇರ ಸರಳು) ಒಂದೇ ಮಗ್ಗುಲಿಗೆ ಒರಗಿ ಉಜ್ಜುತ್ತವೆ. ಮೆಷಿನ್ ಸರಿಯಿಲ್ಲ, ಎಳೆದರೆ ಗೊರಗೊರ ಅನ್ನುತ್ತದೆ ಎಂದು ವಾಪಸ್ ಕಳಿಸಲು ಹೊರಟವರ ಮನೆಯಲ್ಲಿ ಎಷ್ಟೋ ಸಲ ತಪ್ಪು ನೆಲದ್ದೇ. ನಿಲ್ಲಿಸುವ ದಿನ ಮೇಸ್ತ್ರಿಯ ಹತ್ತಿರ ರಸಮಟ್ಟ ಇಸಿದುಕೊಳ್ಳಿ. ಅದನ್ನು ನೆಲದ ಮೇಲಲ್ಲ, ಗೈಡ್ ರಾಡ್‌ಗೇ ತಾಗಿಸಿ ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ತಗ್ಗಿರುವ ಪಾದದ ಕೆಳಗೆ ಕಬ್ಬಿಣದ ತಗಡಿನ ಚೂರು ಕೊಟ್ಟು ಗುಳ್ಳೆ ನಡುವೆ ಬರುವಂತೆ ಮಾಡಿ, ಆಮೇಲೆ ಬೋಲ್ಟ್ ಪೂರ್ತಿ ಬಿಗಿಯಿರಿ. ಮೊದಲೇ ಬಿಗಿದು ಆಮೇಲೆ ಮಟ್ಟ ಮಾಡಿದರೆ ಚೌಕಟ್ಟು ತಿರುಚಿಕೊಂಡೇ ಉಳಿಯುತ್ತದೆ. ಕೆಳಗೆ 18 ಎಂಎಂ ಪ್ಲೈವುಡ್, ಅದರ ಮೇಲೆ 10 ಎಂಎಂ ಗಟ್ಟಿ ರಬ್ಬರ್ ಮ್ಯಾಟ್ ಇದ್ದರೆ ಪಾದಗಳ ಭಾರ ಹರಡುತ್ತದೆ, ಕೆಳಗೆ ಮಲಗಿರುವ ತಂದೆಯವರಿಗೆ ಸದ್ದೂ ಕಡಿಮೆ. ಮಕ್ಕಳ ಆಟದ ಕೋಣೆಗೆ ಹಾಕುವ ಮೆತ್ತನೆ ಫೋಮ್ ಟೈಲ್ ಬೇಡ, ಅದು ಒಂದು ಕಡೆ ತಗ್ಗಿ ಮಾಡಿದ ಮಟ್ಟವೆಲ್ಲ ಹಾಳು.

ಮೆಷಿನ್ನನ್ನು ನೆಲಕ್ಕೆ ಬೋಲ್ಟ್ ಹೊಡೆಯಬೇಕೇ ಎಂದು ಅಂಗಡಿಯವರು ಕೇಳಿದರೆ, ಎರಡು ಕಂಬದ ಭಾರಿ ಮೆಷಿನ್‌ಗೆ ಸಾಮಾನ್ಯವಾಗಿ ಬೇಕಿಲ್ಲ. ಮಹಡಿಯಲ್ಲಿ ಡ್ರಿಲ್ ಹಾಕುವುದು ನಿಮಗಂತೂ ಒಳ್ಳೆಯದಲ್ಲ. ನಿಮ್ಮ ನೆಲವೇ ಕೆಳಗಿನ ಕೋಣೆಯ ಸೂರು. ಅದರೊಳಗೆ ಕೆಳಗಿನ ಫ್ಯಾನು, ದೀಪದ ಪೈಪುಗಳು ಓಡುತ್ತಿವೆ. ನಾಲ್ಕೂವರೆ ಐದಿಂಚಿನ ಮೋಲ್ಡ್‌ನಲ್ಲಿ ಕುರುಡಾಗಿ ತೂತು ಕೊರೆದರೆ ವೈರ್ ತಗಲುವುದು ಅಪರೂಪವೇನಲ್ಲ.

ನಿಮ್ಮ ಸ್ವಂತ ಫ್ಯಾನಿನ ಕಡೆಗೂ ಒಂದು ನೋಟ ಇರಲಿ. 11 ಅಡಿ ಗೋಡೆಗೆ ಬೆನ್ನು ಮಾಡಿ ಮೆಷಿನ್ ನಿಲ್ಲಿಸಿದರೆ ಎದುರಿಗೆ ಎರಡು ಮೀಟರ್ ಉಳಿಯುತ್ತದೆ, ಅದು ಸರಿಯಾದ ಜಾಗ. ಆದರೆ 1200 ಎಂಎಂ ಫ್ಯಾನ್ ಕೋಣೆಯ ನಡುಮಧ್ಯ ಇದ್ದರೆ ರೆಕ್ಕೆಯ ತುದಿ ಆ ಗೋಡೆಯಿಂದ 92 ಸೆಂ.ಮೀ.ಗೇ ಬರುತ್ತದೆ, ಅಂದರೆ ಮೆಷಿನ್ನಿನ ಮುಂದಿನ ಅಂಚಿನ ನೆತ್ತಿಯ ಮೇಲೆ. ಎಷ್ಟೋ ಮಾಡೆಲ್‌ಗಳಲ್ಲಿ ಪುಲ್-ಅಪ್ ಬಾರ್ ಇರುವುದೂ ಅಲ್ಲೇ. ಬಾರ್ ಹಿಡಿಯಲು ಬೆಂಚು ಹತ್ತಿ ಕೈ ಎತ್ತಿದರೆ ಬೆರಳು 260 ಸೆಂ.ಮೀ. ತಲುಪುತ್ತದೆ, ನಿಮ್ಮ ಎತ್ತರದ ಕೋಣೆಯಲ್ಲಿ ರೆಕ್ಕೆ ತಿರುಗುವುದು ಸುಮಾರು 255ರಲ್ಲಿ. ಸೀಲಿಂಗ್ ಫ್ಯಾನ್ ತೆಗೆದು ಗೋಡೆಯ ಫ್ಯಾನ್ ಹಾಕಿಸಿ. ಇದಕ್ಕೆ ಬೇರೆ ಉಪಾಯ ಹುಡುಕಬೇಡಿ.

ಕೇಬಲ್ ಕಿತ್ತು ತಲೆಗೆ ಬೀಳುವ ಭಯಕ್ಕೆ ಬರೋಣ. ಒಳ್ಳೆಯ ಮೆಷಿನ್‌ಗಳಲ್ಲಿ ಬಳಸುವುದು 7×19 ಹೆಣಿಗೆಯ (ಏಳು ಎಳೆ, ಒಂದೊಂದರಲ್ಲಿ 19 ಸಣ್ಣ ತಂತಿ) ಉಕ್ಕಿನ ಹಗ್ಗ, ಒಳಗಿನ ಉಕ್ಕು ಸುಮಾರು 4.8 ಎಂಎಂ, ಮೇಲೆ ನೈಲಾನ್ ಹೊದಿಕೆ. ಹೊಸದಿದ್ದಾಗ ಅದು ಕಿತ್ತುಹೋಗಲು ಒಂದೂವರೆ ಟನ್ನಿಗೂ ಮಿಕ್ಕಿದ ಎಳೆತ ಬೇಕು. ನೀವು ಹಾಕುವ 70 ಕೆ.ಜಿ.ಗೆ ಅದು ಕೀಳುವುದಿಲ್ಲ. ಅದು ಸಾಯುವುದು ಭಾರದಿಂದಲ್ಲ, ಬಾಗಿ ಬಾಗಿ. ಪುಲ್ಲಿ ಚಿಕ್ಕದಾದಷ್ಟೂ ಬಾಗು ಹೆಚ್ಚು, ಒಳಗಿನ ಸಣ್ಣ ತಂತಿಗಳು ಒಂದೊಂದಾಗಿ ತುಂಡಾಗುತ್ತವೆ. ಎರಡಿಂಚಿನ ಪುಟ್ಟ ಪುಲ್ಲಿ ಹಾಕಿದ ಅಗ್ಗದ ಮೆಷಿನ್‌ಗಳಲ್ಲಿ ಕೇಬಲ್ ಬೇಗ ಹೋಗುವುದಕ್ಕೆ ಇದೇ ಕಾರಣ. ಮೂರೂವರೆಯಿಂದ ನಾಲ್ಕೂವರೆ ಇಂಚಿನ ಪುಲ್ಲಿ ಇರಲಿ. ಇನ್ನೊಂದು ದುರ್ಬಲ ಜಾಗ ತುದಿ, ಅಂದರೆ ಕೇಬಲ್ ಲೋಹದ ಪುಟ್ಟ ಕೊಳವೆಯೊಳಗೆ ಹೋಗುವ ಕಡೆ. ಅಲ್ಲಿ ಹೊದಿಕೆ ಸೀಳಿ ತಂತಿ ಕಾಣಿಸಿದರೆ, ಕೇಬಲ್ ಉಬ್ಬಿದ್ದರೆ, ಕಪ್ಪು ಪುಡಿ ಉದುರಿದರೆ, ಬಟ್ಟೆ ಸುತ್ತಿ ಸವರಿದಾಗ ನೂಲು ಸಿಕ್ಕಿಕೊಂಡರೆ ಅಂದೇ ಬಳಕೆ ನಿಲ್ಲಿಸಿ. ಟೇಪ್ ಸುತ್ತಿ ಇನ್ನೊಂದು ತಿಂಗಳು ತಳ್ಳುವವರಿದ್ದಾರೆ. ಟೇಪ್ ಮಾಡುವ ಕೆಲಸ ಒಂದೇ, ಸೀಳನ್ನು ಕಣ್ಣಿಗೆ ಕಾಣದಂತೆ ಮುಚ್ಚುವುದು.

ಅಕಸ್ಮಾತ್ ಕಿತ್ತರೂ ತೂಕ ಹಾರಿಬರುವುದಿಲ್ಲ. ರಾಡ್‌ಗುಂಟ ನೇರ ಕೆಳಗೆ ಕೂರುತ್ತದೆ. ಪೆಟ್ಟಾಗುವುದು ಎಳೆಯುತ್ತಿದ್ದ ಬಾರ್ ಮುಖಕ್ಕೆ ಬಡಿದು, ಇಲ್ಲವೇ ಹಿಂದಕ್ಕೆ ಬಿದ್ದು. ಬಾರನ್ನು ತಲೆಯ ಹಿಂದೆ ಎಳೆಯಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ, ಭುಜ ಇನ್ನೊಂದು. ನಿಮ್ಮ ಮನೆಯಲ್ಲಿ ನಿಜವಾಗಿ ಅಪಾಯದಲ್ಲಿರುವುದು ಮಗಳ ಬೆರಳು. ಏರಿದ ಪ್ಲೇಟುಗಳ ಸಂದಿಗೆ ಕೈ ಇಟ್ಟಾಗ ಅವು ಕೂತರೆ ಮುಗಿಯಿತು. ಪ್ಲೇಟುಗಳ ಮುಂದೆ ಹಿಂದೆ ಪೂರ್ತಿ ಮುಚ್ಚುವ ತಗಡಿನ ಕವರ್ ಇರುವ ಮಾಡೆಲ್ಲನ್ನೇ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಪಿನ್ ಕಳಚಿ ಎತ್ತರದಲ್ಲಿಡಿ, ಕೋಣೆಗೆ ಚಿಲಕ ಹಾಕಿ.

ಈಗ ಕೊಕ್ಕೆಗೆ ನೇತುಹಾಕುವ ನಾಲ್ಕು ಸಾವಿರದ ಪುಲ್ಲಿ. ಪುಲ್ಲಿಯಲ್ಲಿ ದೋಷವಿಲ್ಲ, ಕೊಕ್ಕೆಯಲ್ಲಿದೆ. ನೀವು 55 ಕೆ.ಜಿ. ನೇತುಹಾಕಿ ಇನ್ನೊಂದು ತುದಿ ಎಳೆದರೆ ಕೊಕ್ಕೆಯ ಮೇಲೆ ಬೀಳುವುದು 55 ಅಲ್ಲ, ಎರಡೂ ಕಡೆಯ ಎಳೆತ ಸೇರಿ 110. ಜಗ್ಗಿದರೆ ಅದಕ್ಕೂ ಹೆಚ್ಚು. ಫ್ಯಾನಿನ ಕೊಕ್ಕೆ ಇರುವುದು ಕೆಲವೇ ಕೆ.ಜಿ.ಯ ಫ್ಯಾನಿಗೆ. ಹಳೆಯ ಮನೆಗಳಲ್ಲಿ ಉಯ್ಯಾಲೆಗೆಂದು ಮೋಲ್ಡ್ ಹಾಕುವಾಗಲೇ ಕಂಬಿಗೆ ಸುತ್ತಿ ಬಿಟ್ಟ ದಪ್ಪ ಕೊಕ್ಕೆಗಳಿರುತ್ತವೆ. ದೊಡ್ಡವರು ಕೂತು ತೂಗಿದ ಕೊಕ್ಕೆ, ತುಕ್ಕು ತಿಂದಿರದಿದ್ದರೆ, ಈ ಭಾರ ತಡೆಯುತ್ತದೆ. ಆಮೇಲೆ ಡ್ರಿಲ್ ಹಾಕಿ ತೂರಿಸಿದ ಕೊಕ್ಕೆಗೆ ಆ ನಂಬಿಕೆ ಬೇಡ. ಇನ್ನೊಂದು ಕೊರತೆ: ಈ ಸೆಟ್‌ನಲ್ಲಿ ತೂಕ ಗಾಳಿಯಲ್ಲಿ ತೂಗಾಡುತ್ತದೆ, ಹಿಡಿಯಲು ರಾಡ್ ಇಲ್ಲ. ಮಗು ಓಡಾಡುವ ಮನೆಗೆ ಒಗ್ಗುವ ಸಾಮಾನಲ್ಲ.

ಫ್ಯಾಬ್ರಿಕೇಶನ್‌ನವರ ಮೆಷಿನ್ನನ್ನು ತಳ್ಳಿಹಾಕುವ ಅಗತ್ಯವಿಲ್ಲ. ಬೆನ್ನಿಗೆ ಅದೇ ಒಳ್ಳೆಯದು: 1:1, ಪೂರ್ತಿ 80 ಕೆ.ಜಿ., ತೊಡೆಗೆ ಪ್ಯಾಡ್, ಕಾಲೂರಲು ತಗಡು. ಕೆಟ್ಟರೆ ಮಾಡಿದವರು ಊರಲ್ಲೇ ಇದ್ದಾರೆ. ಆದರೆ ಶೆಡ್‌ನಲ್ಲಿ ಮಾಡಿಸುವಾಗ ಎಲ್ಲವೂ ನೀವು ಕೇಳಿ ಬರೆಸಿದ ಹಾಗೆ ಇರುತ್ತದೆ. ಕೇಳದೆ ಬಿಟ್ಟಿದ್ದು ಅಗ್ಗದ ರೂಪದಲ್ಲಿ ಬರುತ್ತದೆ. ಕಂಬದ ಚೌಕ ಪೈಪು 14 ಗೇಜ್ ಅಂದರೆ ಸುಮಾರು 2 ಎಂಎಂ, 11 ಗೇಜ್ ಅಂದರೆ 3ರ ಹತ್ತಿರ. ಮುಖ್ಯ ಕಂಬಗಳಿಗೆ 60×60 ಎಂಎಂ, 11 ಅಥವಾ 12 ಗೇಜ್ ಹೇಳಿ. ಪೈಪಿನ ಬಾಯಿ ಮುಚ್ಚುವ ಮೊದಲು ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿ, 16 ಗೇಜ್ ಹಾಕಿ ದಪ್ಪ ಪೇಂಟ್ ಬಳಿದರೆ ಹೊರಗಿಂದ ತಿಳಿಯುವುದಿಲ್ಲ. ಗೈಡ್ ರಾಡ್ ಗಟ್ಟಿ ಉಕ್ಕಿನದಾಗಿರಲಿ, ಕ್ರೋಮ್ ಹಾಕಿರಲಿ, ಪೈಪು ಬೇಡ. ಬೆರಳಗಂಟಿನಿಂದ ತಟ್ಟಿದರೆ ಟೊಳ್ಳು ಕೇಳಿಸುತ್ತದೆ. ಪ್ಲೇಟಿನ ತೂತುಗಳಿಗೆ ನೈಲಾನ್ ಬುಷ್ ಇರಲಿ, ಇಲ್ಲದಿದ್ದರೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಕ್ರೋಮ್ ಎದ್ದುಬರುತ್ತದೆ. ಪುಲ್ಲಿಯೊಳಗೆ ಎರಡೂ ಕಡೆ ಮುಚ್ಚಿದ ಬಾಲ್ ಬೇರಿಂಗ್ ಇರಲಿ. ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಕೇಬಲ್ ನೇರವಾಗಿ ಹೋಗುತ್ತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ. ಅರ್ಧ ಇಂಚು ಆಚೀಚೆ ಇದ್ದರೂ ಪುಲ್ಲಿಯ ಅಂಚು ಕೇಬಲ್ ಹೊದಿಕೆಯನ್ನು ಕೆರೆದು ತೆಗೆಯುತ್ತದೆ. ಕೊನೆಗೊಂದು, ಎಲ್ಲರೂ ಮರೆಯುವುದು: ಪೂರ್ತಿ ವೆಲ್ಡ್ ಮಾಡಿದ ಏಳಡಿ ಚೌಕಟ್ಟು ನಿಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ. ಬಿಚ್ಚಿ ಜೋಡಿಸುವಂತೆ ನಟ್ಟು ಬೋಲ್ಟಿನ ತುಂಡುಗಳಾಗಿ ಮಾಡಲು ಮೊದಲೇ ಹೇಳಿ.

ಯಾವ ಮೆಷಿನ್ನೇ ಆಗಲಿ, ದುಡ್ಡು ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಹಿಡಿಯನ್ನು ಒಂದು ಮೀಟರ್ ಎಳೆದು ತೂಕ ಎಷ್ಟು ಏರಿತು ನೋಡಿ: ಒಂದು ಮೀಟರ್ ಏರಿದರೆ 1:1, ಅರ್ಧ ಏರಿದರೆ 2:1. ಮಾರುವವರ ಬಾಯಿಮಾತು ಏನೇ ಇರಲಿ, ಟೇಪ್ ಸುಳ್ಳು ಹೇಳುವುದಿಲ್ಲ. ಎರಡನೆಯದು ಘರ್ಷಣೆ. ಮುಳ್ಳು ಇರುವ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಯ ಜಾಗಕ್ಕೆ ಸಿಕ್ಕಿಸಿ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಒಂದು ಅಂಕಿಗೆ ಬಂದು ನಿಂತುಬಿಡುವುದರಿಂದ ಇದಕ್ಕೆ ಆಗದು. 2:1ರ ಮೆಷಿನ್‌ನಲ್ಲಿ 20 ಕೆ.ಜಿ.ಗೆ ಪಿನ್ ಹಾಕಿ ನಿಧಾನ ಎಳೆಯಿರಿ, ಆಮೇಲೆ ಅಷ್ಟೇ ನಿಧಾನ ಬಿಡಿ. ಎಳೆಯುವಾಗ 11, ಬಿಡುವಾಗ 9 ತೋರಿಸಿದರೆ ಒಳ್ಳೆಯ ಮೆಷಿನ್. ಎಳೆಯುವಾಗ 13, ಬಿಡುವಾಗ 7 ಬಂದರೆ ನೀವು ಅರ್ಧ ಹೊತ್ತು ತೂಕದ ಜೊತೆ ಅಲ್ಲ, ಪುಲ್ಲಿಯ ಜೊತೆ ಜಗಳವಾಡುತ್ತೀರಿ. ತೂಕವನ್ನು ಮೆಲ್ಲಗೆ ಬಿಡುವಾಗ ಸ್ನಾಯುವಿಗೆ ಸಿಗಬೇಕಾದ ಕೆಲಸ ಅಷ್ಟರಮಟ್ಟಿಗೆ ಹೋಯಿತು. ಆನ್‌ಲೈನ್ ಮಾಲಾದರೆ ಈ ಪರೀಕ್ಷೆಯ ವಿಡಿಯೊ ಕೇಳಿ. ಕೊಡಲು ಸಬೂಬು ಹೇಳುವವರ ಹತ್ತಿರ ಕೊಳ್ಳಬೇಡಿ.

ನಿಮ್ಮ ಮನೆಗೆ ನಾನು ಹೇಳುವುದು ಫಂಕ್ಷನಲ್ ಟ್ರೈನರ್. ಕಾರಣ ನೀವಲ್ಲ, ಉಳಿದ ಇಬ್ಬರು, ಮತ್ತು ನಿಮ್ಮ ಭುಜ. ತಂದೆಯವರಿಗೆ ಮೊದಲ ಪ್ಲೇಟು 5 ಕೆ.ಜಿ. ಇದ್ದರೂ ಕೈಗೆ ಎರಡೂವರೆ. ಏರಿಸುವಾಗಲೂ ಎರಡೂವರೆ ಎರಡೂವರೆಯಾಗಿಯೇ ಏರುತ್ತದೆ. ಪುಲ್ಲಿಯನ್ನು ಎದೆಯ ಮಟ್ಟಕ್ಕೆ ಇಳಿಸಿ, ಕುರ್ಚಿಯ ಮೇಲೆ ಕೂತು, ಉಸಿರು ಕಟ್ಟದೆ ಎಳೆಯಲಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಒಂದು ಮಾತು ತಿಳಿಸಿಯೇ ಶುರುಮಾಡಲಿ. ಶೆಡ್‌ನ 1:1 ಮೆಷಿನ್‌ನಲ್ಲಿ ಮೇಲಿನ ಪ್ಲೇಟು ಮತ್ತು ಕಂಬಿ ಸೇರಿ ಶುರುವಿನ ಭಾರವೇ ಅವರಿಗೆ ಹೆಚ್ಚಾಗಬಹುದು. ನಿಮಗೆ, ಬಾರ್ಬೆಲ್ ಎರಡೂ ಕೈಗಳನ್ನು ಒಂದೇ ದಾರಿಗೆ ಕಟ್ಟಿಹಾಕುತ್ತದೆ. ಕೇಬಲ್‌ನಲ್ಲಿ ಮೊಣಕೈಯನ್ನು ಪಕ್ಕೆಗೆ ತುಸು ಹತ್ತಿರ ತಂದು, ನೋಯದ ಕೋನ ಹುಡುಕಿಕೊಂಡು ಪ್ರೆಸ್ ಮಾಡಬಹುದು. ಇದು ಚಿಕಿತ್ಸೆಯಲ್ಲ. ಆ ಮಗ್ಗುಲಿಗೆ ಮಲಗಿದಾಗ ರಾತ್ರಿ ನೋವು ಬರುತ್ತಿದ್ದರೆ, ಕೈಯನ್ನು ಪಕ್ಕದಿಂದ ಮೇಲೆತ್ತಲು ಆಗದಿದ್ದರೆ, ಮೆಷಿನ್‌ಗಿಂತ ಮೊದಲು ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ನೋಡಿ. ಒಂದೂಕಾಲು ಲಕ್ಷ ದಾಟುವುದು ಭಾರ ಅನ್ನಿಸಿದರೆ ಶೆಡ್‌ನ ಮೆಷಿನ್ನೇ ಮಾಡಿಸಿ, ತಂದೆಯವರಿಗೆ ರಬ್ಬರ್ ಬ್ಯಾಂಡ್ ತಂದುಕೊಡಿ; ಅದೂ ಕೆಟ್ಟ ತೀರ್ಮಾನವಲ್ಲ. ಮೋಟರ್‌ನಿಂದ ಎಳೆತ ಕೊಡುವ ಡಿಜಿಟಲ್ ಮೆಷಿನ್‌ಗಳ ಜಾಹೀರಾತೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು; ಕರೆಂಟ್ ಹೋದರೆ ನಿಲ್ಲುವ, ಕೆಟ್ಟರೆ ಇಲ್ಲಿ ಬಿಚ್ಚಿ ನೋಡುವವರು ಸುಲಭಕ್ಕೆ ಸಿಗದ ಸಾಮಾನಿಗೆ ಸದ್ಯಕ್ಕೆ ನಾನು ಹೂಂ ಅನ್ನುವುದಿಲ್ಲ.

ಬಂದ ಮೇಲಿನ ಆರೈಕೆ ಹೆಚ್ಚಿಲ್ಲ. ಎರಡು ವಾರ ಕಳೆದ ಮೇಲೆ ಎಲ್ಲ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಹೊಸ ಕೇಬಲ್ ಮೊದಮೊದಲು ತುಸು ಹಿಗ್ಗುತ್ತದೆ. ಪಿನ್ ತೂತು ಪ್ಲೇಟಿನ ತೂತಿಗೆ ಸರಿಯಾಗಿ ಕೂರದಿದ್ದರೆ ತಲೆಯ ಮೇಲಿನ ಹೊಂದಾಣಿಕೆ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಗೈಡ್ ರಾಡನ್ನು ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ತಿಂಗಳಿಗೊಮ್ಮೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿಕೊಂಡು ಸವರಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ಗ್ರೀಸ್ ಯಾವುದೂ ಬೇಡ. ನಮ್ಮ ಬೇಸಿಗೆ ಧೂಳು ಅದಕ್ಕೆ ಅಂಟಿ ಕರೀ ಜಿಡ್ಡಾಗಿ ಪ್ಲೇಟು ಹಿಡಿದುಕೊಳ್ಳುತ್ತದೆ.

ಬಿಲ್ ಮಾಡಿಸುವಾಗ ನಾಲ್ಕು ಸಂಗತಿ ಬರೆಸಿಕೊಳ್ಳಿ: ಅನುಪಾತ 2:1 ಎಂದು, ಪ್ರತಿ ಕಂಬದ ತೂಕ ಕೆ.ಜಿ.ಯಲ್ಲಿ, ಕೇಬಲ್‌ನ ದಪ್ಪ ಮತ್ತು ಪೂರ್ತಿ ಉದ್ದ, ತುದಿಯ ಜೋಡಣೆ ಯಾವ ಬಗೆಯದು ಎಂದು. ಮುಂದೆ ಕಂಪನಿಯವರು ಫೋನ್ ಎತ್ತದೇ ಹೋದರೂ ಈ ಅಳತೆಗೆ ಬೇರೆ ಕಡೆ ಕೇಬಲ್ ಮಾಡಿಸಬಹುದು. ಮಾಡುವವರಿಗೆ ತುದಿಯ ನೈಲಾನ್ ಹೊದಿಕೆ ಸುಲಿದು, ಬರಿಯ ಉಕ್ಕಿನ ಮೇಲೆಯೇ ಲೋಹದ ಕೊಳವೆ ಒತ್ತಲು ಹೇಳಿ. ಹೊದಿಕೆಯ ಮೇಲೆ ಒತ್ತಿದ ಕೊಳವೆ ಬೇಗ ಜಾರಬಹುದು.